ನೆಲ ಬದಲಾದ್ರೆ ಸೆಟಪ್ ಬದಲಾಗ್ಬೇಕು: ಆರ್‌ಸಿ ಡ್ರಿಫ್ಟ್ ಕಾರಿನ ಪಾಠ

ಹೋದ ಸಂಚಿಕೆಯಲ್ಲಿ ಲಿಪೋ ಬ್ಯಾಟರಿ ಬಗ್ಗೆ ಬರೆದಿದ್ವಿ. ಅದನ್ನು ಓದಿ ಫಸ್ಟ್ ಇಯರ್‌ನ ಆರು ಜನ ಶನಿವಾರದ ಪ್ರಾಕ್ಟೀಸ್‌ಗೆ ಬರೋಕೆ ಶುರು ಮಾಡಿದ್ದಾರೆ, ಖುಷಿ. ಬಂದವರೆಲ್ಲ ಕೇಳೋ ಪ್ರಶ್ನೆ ಮಾತ್ರ ಒಂದೇ: "ಅಣ್ಣಾ, ಬೆಸ್ಟ್ ಸೆಟಪ್ ಯಾವುದು?" ಇದಕ್ಕೆ ನಮ್ಮ ಹತ್ತಿರ ಇರೋ ಉತ್ತರ ಇನ್ನೊಂದು ಪ್ರಶ್ನೆ: ಯಾವ ನೆಲಕ್ಕೆ?

ಇದನ್ನು ಈಗಲೇ ಬರೆಯೋಕೆ ಕಾರಣ ಇದೆ. ಕ್ಲಬ್ಬಿನ ಬೀರುವಿನಲ್ಲಿ ಇರೋದು ಒಂದೇ ಡ್ರಿಫ್ಟ್ ಕಾರು, ನಾಲ್ಕು ಜನ ದುಡ್ಡು ಹಾಕಿ ತಗೊಂಡಿದ್ದು. ಮುಂದಿನ ತಿಂಗಳು ಇನ್ನೊಂದು ಕಾಲೇಜಿನ ಟೆಕ್ ಫೆಸ್ಟ್‌ನಲ್ಲಿ ಡ್ರಿಫ್ಟ್ ಇವೆಂಟ್ ಇದೆ. ನಿಯಮದ ಹಾಳೆಯಲ್ಲಿ ಮೂರು ವಿಷಯ ಬರೆದಿದ್ದಾರೆ. ನೆಲ ಯಾವುದು ಅಂತ ಅವತ್ತು ಬೆಳಿಗ್ಗೆ ಹೇಳ್ತಾರೆ. ಎರಡು ಸೆಟ್ ಟೈರ್ ಮಾತ್ರ ತರಬಹುದು. ಪ್ರಾಕ್ಟೀಸ್‌ಗೆ 15 ನಿಮಿಷ. ನಮಗೆ ಓಡಿಸೋಕೆ ಅನುಮತಿ ಇರೋದು ಮೆಕ್ಯಾನಿಕಲ್ ಬ್ಲಾಕಿನ ಗ್ರಾನೈಟ್ ಕಾರಿಡಾರ್‌ನಲ್ಲಿ, ಅದೂ ಶನಿವಾರ 4ರಿಂದ 6 ಗಂಟೆ. ಅಂದ್ರೆ ಗ್ರಾನೈಟ್ ಮೇಲೆ ಕಾರು ಬೆಣ್ಣೆ ಥರ ಹೋಗುತ್ತೆ, ಅಲ್ಲಿ ಸಿಮೆಂಟ್ ಅಂಗಳ ಸಿಕ್ಕರೆ 15 ನಿಮಿಷದಲ್ಲಿ ಬೇರೆಯದೇ ಕಾರು ಮಾಡ್ಕೋಬೇಕು. ಪಿಟ್‌ನಲ್ಲಿ ಕೈ ಸೇರಿಸೋರು ನೀವೇ. ಅದಕ್ಕೇ ಈ ಪಾಠ.

ಮೊದಲು ಒಂದು ಮಾತು. ಡ್ರಿಫ್ಟ್ ಅಂದ್ರೆ ಹಿಡಿತ ಇಲ್ಲದೆ ಜಾರೋದು ಅಂತ ಸುಮಾರು ಜನ ಅಂದ್ಕೊಳ್ತಾರೆ. ಹಾಗಾಗಿದ್ರೆ ಸೋಪಿನ ನೀರು ಚೆಲ್ಲಿದ ಬಚ್ಚಲಿನಲ್ಲಿ ಅತ್ಯುತ್ತಮ ಡ್ರಿಫ್ಟ್ ಆಗ್ಬೇಕಿತ್ತು. 1970ರ ದಶಕದಲ್ಲಿ ಜಪಾನಿನ ರೇಸರ್ ಕುನಿಮಿತ್ಸು ತಕಾಹಾಶಿ ತಿರುವುಗಳಲ್ಲಿ ಹಿಂಬದಿ ಜಾರಿಸಿ ಓಡಿಸೋದನ್ನು ಪ್ರಸಿದ್ಧ ಮಾಡಿದರು. ಅದನ್ನು ನೋಡಿ ಬೆಳೆದ ಕೆಇಚಿ ತ್ಸುಚಿಯಾ ಅದನ್ನೇ ಒಂದು ಕಲೆ ಮಾಡಿದರು. ಅವರು ಮಾಡ್ತಿದ್ದದ್ದು ಜಾರೋದನ್ನಲ್ಲ, ಜಾರುವಾಗಲೂ ಕಾರಿನ ಮೇಲೆ ಮಾತು ನಡೆಸೋದನ್ನು. ಮುಂದಿನ ಚಕ್ರಕ್ಕೆ ಹಿಡಿತ ಉಳಿದಿರಬೇಕು, ಹಿಂದಿನ ಚಕ್ರಕ್ಕೆ ಸ್ವಲ್ಪ ಕಡಿಮೆ ಇರಬೇಕು, ಆ ವ್ಯತ್ಯಾಸ ಪ್ರತಿ ಸುತ್ತಿನಲ್ಲೂ ಒಂದೇ ಥರ ಇರಬೇಕು. ಸೆಟಪ್ ಅನ್ನೋದು ಈ ವ್ಯತ್ಯಾಸವನ್ನು ಸರಿ ಮಾಡೋ ಕೆಲಸ. ನೆಲ ಬದಲಾದ ತಕ್ಷಣ ವ್ಯತ್ಯಾಸ ಬದಲಾಗುತ್ತೆ.

ನಾವು ಇಲ್ಲಿ ಹೇಳೋದೆಲ್ಲ 1:10 ಅಳತೆಯ ಹಿಂಬದಿ ಚಕ್ರ ತಿರುಗೋ ಕಾರಿಗೆ. ಯೊಕೊಮೊ ವೈಡಿ-2, ಎಂಎಸ್‌ಟಿ ಆರ್‌ಎಂಎಕ್ಸ್, ಸಕುರಾ ಡಿ5 ಇವೆಲ್ಲ ಈ ಜಾತಿ. ಟಮಿಯಾ ಟಿಟಿ-02ಡಿ ಥರದ ನಾಲ್ಕೂ ಚಕ್ರ ತಿರುಗೋ ಕಾರು ನಿಮ್ಮ ಹತ್ತಿರ ಇದ್ರೆ ಟೈರ್ ಮತ್ತು ನೆಲದ ಭಾಗ ಪೂರ್ತಿ ಉಪಯೋಗಕ್ಕೆ ಬರುತ್ತೆ, ಗೈರೋ ಭಾಗ ಅಷ್ಟಾಗಿ ಬೇಕಾಗಲ್ಲ.

ನೆಲವನ್ನು ಅಳೆಯೋದು

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ 'ಘರ್ಷಣೆ' ಅಂದ ಕೂಡಲೇ ನೆನಪಾಗೋದು ನ್ಯೂಸ್ ಚಾನಲ್‌ನಲ್ಲಿ ಎರಡು ಗುಂಪುಗಳ ನಡುವೆ ಆಗೋ ಘರ್ಷಣೆ. ಫಿಸಿಕ್ಸ್‌ನ ಫ್ರಿಕ್ಷನ್‌ಗೂ ಅದೇ ಪದ ಅಂತ ಈ ಲೇಖನ ಬರೆಯೋಕೆ ಕೂತಾಗ ಗೊತ್ತಾಯ್ತು. ಚೆನ್ನಾಗಿರೋ ಪದ, ಟೈರಿಗೂ ನೆಲಕ್ಕೂ ಜಗಳವೇ ತಾನೆ. ಆ ಜಗಳ ಎಷ್ಟು ಜೋರು ಅಂತ ಹೇಳೋ ಸಂಖ್ಯೆ ಮ್ಯೂ.

ಅದನ್ನು ಅಳೆಯೋಕೆ ಲ್ಯಾಬ್ ಬೇಡ. ಏರ್‌ಪೋರ್ಟಿಗೆ ಹೋಗುವಾಗ ಸೂಟ್‌ಕೇಸ್ ತೂಗ್ತಾರಲ್ಲ, ಆ ಕೊಕ್ಕೆ ಇರೋ ಲಗೇಜ್ ಸ್ಕೇಲ್ ಸಾಕು. ಫಿಸಿಕ್ಸ್ ಲ್ಯಾಬಿನ ಸ್ಪ್ರಿಂಗ್ ಬ್ಯಾಲೆನ್ಸ್ ಸಿಕ್ಕರೆ ಇನ್ನೂ ಒಳ್ಳೇದು. ಬ್ಯಾಟರಿ, ಬಾಡಿ ಎಲ್ಲ ಹಾಕಿ ಮೊದಲು ಕಾರನ್ನು ತೂಗಿ. ಆಮೇಲೆ ಚಾಸಿಗೆ ದಾರ ಕಟ್ಟಿ ಕಾರನ್ನು ಅಡ್ಡಕ್ಕೆ ಎಳೀರಿ. ಉದ್ದಕ್ಕೆ ಎಳೆದ್ರೆ ಚಕ್ರ ಉರುಳುತ್ತೆ, ಅಳತೆ ಸಿಗಲ್ಲ. ದಾರ ಆದಷ್ಟು ನೆಲಕ್ಕೆ ಹತ್ತಿರ ಇರಲಿ, ಇಲ್ಲದಿದ್ರೆ ಕಾರು ವಾಲುತ್ತೆ. ಒಂದೇ ವೇಗದಲ್ಲಿ ಎಳೆಯುತ್ತಾ ಇರುವಾಗ ಸ್ಕೇಲ್ ತೋರಿಸೋ ಅಂಕಿ ಬರ್ಕೊಳ್ಳಿ. ಹೊರಡೋ ಕ್ಷಣದಲ್ಲಿ ಜಿಗಿಯೋ ಅಂಕಿ ಬೇಡ, ಅದು ನಿಂತ ಟೈರಿನ ಘರ್ಷಣೆ. ನಮಗೆ ಬೇಕಾಗಿರೋದು ಜಾರುತ್ತಿರೋ ಟೈರಿನದ್ದು. ಮೂರು ಸಲ ಎಳೆದು ಸರಾಸರಿ ತಗೊಳ್ಳಿ.

ಕಾರು 1400 ಗ್ರಾಂ ಇದೆ, ಸ್ಕೇಲ್ 350 ಗ್ರಾಂ ತೋರಿಸ್ತು ಅನ್ಕೊಳ್ಳಿ. 350ನ್ನು 1400ರಿಂದ ಭಾಗಿಸಿದ್ರೆ ಮ್ಯೂ 0.25. ಬೇರೆ ನೆಲದಲ್ಲಿ 700 ತೋರಿಸಿದ್ರೆ 0.5. ಇದರಿಂದ ಏನು ಉಪಯೋಗ ಅಂತೀರಾ? ತಿರುವಿನ ಲೆಕ್ಕ ಹಾಕಿ. ಒಂದೂವರೆ ಮೀಟರ್ ತ್ರಿಜ್ಯದ ತಿರುವಿನಲ್ಲಿ ಕಾರು ಹೊರಗೆ ಹೋಗದೆ ಸುತ್ತಬೇಕಾದ್ರೆ ವೇಗದ ವರ್ಗ, ಮ್ಯೂ ಇಂಟು 9.8 ಇಂಟು 1.5ಕ್ಕಿಂತ ಹೆಚ್ಚಾಗಬಾರದು. ಮ್ಯೂ 0.25 ಆದ್ರೆ ಸೆಕೆಂಡಿಗೆ 1.9 ಮೀಟರ್, 0.5 ಆದ್ರೆ 2.7 ಮೀಟರ್. ಹಿಡಿತ ಎರಡು ಪಟ್ಟು ಆದ್ರೂ ವೇಗ ಒಂದೂವರೆ ಪಟ್ಟೂ ಆಗಲಿಲ್ಲ ನೋಡಿ. ಈ ಎರಡು ಅಂಕಿ ನಿಮ್ಮ ಬೆರಳಿಗೆ ಮೊದಲೇ ಗೊತ್ತಿದ್ರೆ, ಹೊಸ ನೆಲದಲ್ಲಿ ಮೊದಲ ಸುತ್ತಿಗೇ ಗೋಡೆಗೆ ಹೊಡೆಯೋದು ತಪ್ಪುತ್ತೆ. ಕಾರಿಡಾರ್‌ನಲ್ಲಿ ಯಾರದ್ದಾದ್ರೂ ಕಾಲಿಗೆ ಹೊಡೆದ್ರೆ ಎಚ್‌ಒಡಿ ಸರ್ ಕೊಟ್ಟ ಅನುಮತಿ ಅವತ್ತೇ ಮುಗೀತು, ಅದೂ ನೆನಪಿರಲಿ.

ಟೈರ್ ಮೊದಲು, ಉಳಿದದ್ದು ಆಮೇಲೆ

ಹೊಸಬರು ಮೊದಲು ಕೈ ಹಾಕೋದು ಕ್ಯಾಂಬರ್‌ಗೆ. ಚಕ್ರ ಒಳಗೆ ವಾಲಿಸಿದ್ರೆ ಕಾರು ಗೂಳಿ ಥರ ಕಾಣುತ್ತೆ, ಫೋಟೋ ಚೆನ್ನಾಗಿ ಬರುತ್ತೆ. ಆದ್ರೆ ನೆಲ ಬದಲಾದಾಗ ಅತಿ ದೊಡ್ಡ ವ್ಯತ್ಯಾಸ ಮಾಡೋದು ಟೈರು. ಉಳಿದ ಎಲ್ಲ ಸೇರಿದ್ರೂ ಅಷ್ಟು ಮಾಡಲ್ಲ ಅನ್ನೋದು ನಮ್ಮ ಅಭಿಪ್ರಾಯ.

ಡ್ರಿಫ್ಟ್ ಟೈರ್ ರಬ್ಬರಿನದ್ದಲ್ಲ, ಗಟ್ಟಿ ಪ್ಲಾಸ್ಟಿಕ್ಕಿನ ಉಂಗುರ. ಕಾರ್ಪೆಟ್ಟಿಗೆ ಒಂದು, ನುಣುಪು ಕಾಂಕ್ರೀಟಿಗೆ ಒಂದು, ಟಾರ್ ರಸ್ತೆಗೆ ಒಂದು ಅಂತ ಬೇರೆ ಬೇರೆ ಪ್ಲಾಸ್ಟಿಕ್ ಬರುತ್ತೆ. ತರಿಸಿದ್ರೆ ದುಬಾರಿ. ಹಿಂದೆ ಈ ಆಟ ಶುರುವಾದಾಗ ಹವ್ಯಾಸಿಗಳು ಪ್ಲಂಬಿಂಗ್ ಪೈಪನ್ನೇ ಕತ್ತರಿಸಿ ಚಕ್ರಕ್ಕೆ ಹಾಕ್ತಿದ್ರು. ಆ ದಾರಿ ಇವತ್ತಿಗೂ ಚೆನ್ನಾಗಿದೆ, ಅದರಲ್ಲೂ ನಮ್ಮೂರುಗಳಲ್ಲಿ. ತೋಟಕ್ಕೆ ನೀರು ಬಿಡೋ 63 ಮಿ.ಮೀ. ಹೊರವ್ಯಾಸದ ಪಿವಿಸಿ ಪೈಪು ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದ್ರೂ ಸಿಗುತ್ತೆ, ನಮ್ಮ ಟೈರಿನ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಉಳಿದ ತುಂಡು ಕೇಳಿದ್ರೆ ಅಂಗಡಿಯವರು ದುಡ್ಡೇ ತಗೊಳ್ಳದೆ ಕೊಡೋದೂ ಉಂಟು. 26 ಮಿ.ಮೀ. ಅಗಲಕ್ಕೆ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು, ಅಂಚು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ರಿಮ್ಮಿನ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ ಬಿಗಿಯಾಗಿ ಕೂರಿಸಿ. ಪೈಪಿನ ದಪ್ಪ ಅದರ ಪ್ರೆಶರ್ ರೇಟಿಂಗ್ ಮೇಲೆ ಬದಲಾಗುತ್ತೆ, ಆದ್ದರಿಂದ ಅಂಗಡಿಗೆ ಹೋಗುವಾಗ ರಿಮ್ಮನ್ನು ಜೇಬಿನಲ್ಲಿ ಇಟ್ಕೊಂಡು ಹೋಗಿ. ಬೋರ್‌ವೆಲ್ಲಿಗೆ ಇಳಿಸೋ ಕಪ್ಪು ಎಚ್‌ಡಿಪಿಇ ಪೈಪು ಇನ್ನೊಂದು ಆಯ್ಕೆ. ಮುಟ್ಟಿದ್ರೆ ಮೇಣ ಹಚ್ಚಿದ ಹಾಗಿರುತ್ತೆ, ಪಿವಿಸಿಗಿಂತ ಹೆಚ್ಚು ಜಾರುತ್ತೆ.

ಈಗ ಲೆಕ್ಕ ಸುಲಭ. ಹಿಡಿತ ಜಾಸ್ತಿ ಇರೋ ನೆಲಕ್ಕೆ ಜಾರೋ ಪ್ಲಾಸ್ಟಿಕ್, ಜಾರೋ ನೆಲಕ್ಕೆ ಹಿಡಿಯೋ ಪ್ಲಾಸ್ಟಿಕ್. ಎರಡು ಸೆಟ್ ಮಾತ್ರ ಒಯ್ಯಬಹುದಾದ್ರೆ ಒಂದು ಪಿವಿಸಿ, ಒಂದು ಎಚ್‌ಡಿಪಿಇ ಅಂತ ನಾವು ತೀರ್ಮಾನ ಮಾಡಿದ್ದೀವಿ. ಮುಂದೆ ಒಂದು, ಹಿಂದೆ ಒಂದು ಥರದ ಟೈರ್ ಹಾಕೋ ಆಸೆ ಬರುತ್ತೆ. ಸದ್ಯಕ್ಕೆ ಬೇಡ. ನಾಲ್ಕೂ ಒಂದೇ ಹಾಕಿ ಕಾರನ್ನು ಸರಿ ಮಾಡಿ, ಅದಾದ ಮೇಲೂ ಮುಂಭಾಗ ತಿರುಗೋಕೆ ಒಪ್ಪದಿದ್ರೆ ಮಾತ್ರ ಆ ಉಪಾಯ.

ಹೊಸ ಟೈರಿನ ಮೇಲ್ಮೈ ಹೊಳೆಯುತ್ತಿರುತ್ತೆ. ಆ ಹೊಳಪು ಹೋಗೋ ತನಕ ಕಾರಿನ ವರ್ತನೆ ಸುತ್ತಿಂದ ಸುತ್ತಿಗೆ ಬದಲಾಗ್ತಾ ಇರುತ್ತೆ. ಒಂದು ಬ್ಯಾಟರಿ ಮುಗಿಯೋವರೆಗೆ ಓಡಿಸಿ ಆಮೇಲೆ ಸೆಟಪ್ ಮಾತಾಡಿ. ಪ್ರತಿ ಸಲ ಕಾರು ಎತ್ತಿದಾಗ ಟೈರನ್ನು ಒಣಬಟ್ಟೆಯಲ್ಲಿ ಒರೆಸಿ. ಧೂಳು ಹಿಡಿದ ಟೈರಿನಲ್ಲಿ ಅಳೆದ ಮ್ಯೂ ಧೂಳಿನದ್ದು, ನೆಲದ್ದಲ್ಲ.

ಸ್ಪ್ರಿಂಗ್ ಯಾವಾಗ ಮುಟ್ಟಬೇಕು, ಯಾವಾಗ ಬೇಡ

ಇದು ನಮಗೆ ತುಂಬ ಇಷ್ಟವಾದ ಲೆಕ್ಕ. ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಭಾರ ದಾಟುತ್ತೆ. ಎಷ್ಟು ದಾಟುತ್ತೆ? ಮ್ಯೂ ಇಂಟು ಗುರುತ್ವ ಕೇಂದ್ರದ ಎತ್ತರ, ಅದನ್ನು ಎಡ-ಬಲ ಚಕ್ರಗಳ ನಡುವಿನ ಅಂತರದಿಂದ ಭಾಗಿಸಿ. ಎತ್ತರ 40 ಮಿ.ಮೀ., ಅಂತರ 160 ಮಿ.ಮೀ. ಅಂತಿಟ್ಕೊಳ್ಳಿ. ಮ್ಯೂ 0.25 ಇರೋ ನೆಲದಲ್ಲಿ ಕಾರಿನ ಒಟ್ಟು ತೂಕದ ಬರೀ ಶೇಕಡ 6 ಚಿಲ್ಲರೆ ದಾಟುತ್ತೆ. 1400 ಗ್ರಾಂ ಕಾರಿನಲ್ಲಿ ಅದು 88 ಗ್ರಾಂ, ಒಂದು ಮೊಟ್ಟೆ, ಒಂದೂವರೆ ಮೊಟ್ಟೆ ತೂಕ. ಅಷ್ಟಕ್ಕೆ ಸ್ಪ್ರಿಂಗಿಗೆ ಏನಾದ್ರೂ ಗೊತ್ತಾಗುತ್ತಾ? ಗ್ರಾನೈಟ್ ಮೇಲೆ ಒಂದು ಗಂಟೆ ಸ್ಪ್ರಿಂಗ್ ಬದಲಾಯಿಸ್ತಾ ಕೂತ್ರೂ ಕಾರಿನಲ್ಲಿ ದೊಡ್ಡ ಬದಲಾವಣೆ ಕಾಣದೇ ಇರೋದಕ್ಕೆ ಕಾರಣ ಇದೇ.

ಮ್ಯೂ 0.5 ಆದ್ರೆ ದಾಟೋ ಭಾರ ಎರಡು ಪಟ್ಟು. ಅಲ್ಲಿ ಕಾರು ಕಣ್ಣಿಗೆ ಕಾಣೋ ಹಾಗೆ ವಾಲುತ್ತೆ, ಸ್ಪ್ರಿಂಗ್ ಮಾತಾಡೋಕೆ ಶುರು ಮಾಡುತ್ತೆ. ಆಗ ಸಾಮಾನ್ಯ ನಿಯಮ: ಯಾವ ತುದಿಗೆ ಹಿಡಿತ ಬೇಕೋ ಆ ತುದಿಗೆ ಮೆತ್ತನೆ ಸ್ಪ್ರಿಂಗ್. ಹಿಂಭಾಗ ಬೇಗ ಕಳಚಿಕೊಳ್ತಿದ್ರೆ ಹಿಂದಿನ ಸ್ಪ್ರಿಂಗ್ ಮೆತ್ತಗೆ ಮಾಡಿ. ಶಾಕ್ ಆಯಿಲ್ ಬಗ್ಗೆ ಹೆಚ್ಚು ಹೇಳಲ್ಲ, ಉಬ್ಬುತಗ್ಗಿನ ನೆಲಕ್ಕೆ ತೆಳು, ನುಣುಪು ನೆಲಕ್ಕೆ ಸ್ವಲ್ಪ ಗಟ್ಟಿ, ಅಷ್ಟು ಸಾಕು.

ಹಾಗಾದ್ರೆ ಜಾರೋ ನೆಲದಲ್ಲಿ ಟೈರ್ ಬಿಟ್ಟು ಬೇರೇನು ಕೆಲಸ ಮಾಡುತ್ತೆ? ತೂಕದ ಜಾಗ. ನೆಲ ಎಷ್ಟೇ ಜಾರಲಿ, ನಿಂತ ಕಾರಿನಲ್ಲಿ ಹಿಂದೆ ಕೂತ ತೂಕ ಹಿಂದೇನೇ ಇರುತ್ತೆ. 200 ಗ್ರಾಂ ಬ್ಯಾಟರಿಯನ್ನು 100 ಮಿ.ಮೀ. ಹಿಂದೆ ಸರಿಸಿದ್ರೆ, 257 ಮಿ.ಮೀ. ವೀಲ್‌ಬೇಸಿನ ಕಾರಿನಲ್ಲಿ ಹಿಂಬದಿ ಚಕ್ರಗಳ ಮೇಲೆ 78 ಗ್ರಾಂ ಹೆಚ್ಚಾಗುತ್ತೆ. ಮುಂದಕ್ಕೆ ತಳ್ಳೋದು ಹಿಂದಿನ ಚಕ್ರ ಮಾತ್ರ, ಆದ್ದರಿಂದ ಆ 78 ಗ್ರಾಂ ನೇರವಾಗಿ ತಳ್ಳೋ ಬಲಕ್ಕೆ ಸೇರುತ್ತೆ. ಗ್ರಾನೈಟ್ ಮೇಲೆ ಕಾರು ಅಡ್ಡ ನಿಂತು ಬರೀ ಸದ್ದು ಮಾಡ್ತಾ ಮುಂದೆ ಹೋಗದೇ ಇದ್ದರೆ ಮೊದಲು ಮಾಡಬೇಕಾದ ಕೆಲಸ ಬ್ಯಾಟರಿ ಹಿಂದಕ್ಕೆ. ಖರ್ಚು ಸೊನ್ನೆ. ಟಾರ್ ಮೇಲೆ ಉಲ್ಟಾ, ಹಿಂದೆ ತೂಕ ಜಾಸ್ತಿ ಆದ್ರೆ ಹಿಂಬದಿ ಜಾರೋದೇ ಇಲ್ಲ ಅಂತ ಹಟ ಹಿಡಿಯುತ್ತೆ, ಬ್ಯಾಟರಿ ಮುಂದೆ ತನ್ನಿ.

ಗೈರೋ: ಕಂಟ್ರೋಲ್ ಸಿಸ್ಟಮ್ಸ್ ಪಾಠ ನೆಲದ ಮೇಲೆ

ಹಿಂಬದಿ ಚಕ್ರದ ಕಾರು ಇಷ್ಟು ಚಿಕ್ಕದಾದಾಗ ಮನುಷ್ಯನ ಕೈ ಅದಕ್ಕೆ ಸಾಕಾಗುವಷ್ಟು ಬೇಗ ಸ್ಟಿಯರಿಂಗ್ ತಿರುಗಿಸೋಕಾಗಲ್ಲ. ಅದಕ್ಕೆ ಗೈರೋ. ಕಾರು ಎಷ್ಟು ವೇಗವಾಗಿ ತಿರುಗ್ತಿದೆ ಅಂತ ನೋಡಿ ಮುಂದಿನ ಚಕ್ರವನ್ನು ವಿರುದ್ಧ ದಿಕ್ಕಿಗೆ ತಿರುಗಿಸುತ್ತೆ. ಪವರ್ ಆನ್ ಮಾಡಿದ ಮೇಲೆ ಕಾರನ್ನು ಕೈಯಲ್ಲಿ ಹಿಡಿದು ಬಲಕ್ಕೆ ತಿರುಗಿಸಿ, ಚಕ್ರ ಎಡಕ್ಕೆ ಹೋಗಬೇಕು. ಬಲಕ್ಕೇ ಹೋದ್ರೆ ಗೈರೋ ದಿಕ್ಕು ತಪ್ಪಿದೆ, ನೆಲಕ್ಕಿಟ್ಟ ಕೂಡಲೇ ಬುಗುರಿ.

ಗೈರೋಗೆ ಗೇನ್ ಅಂತ ಒಂದು ಸೆಟ್ಟಿಂಗ್ ಇದೆ. ಕಡಿಮೆ ಆದ್ರೆ ಕಾರು ಸುತ್ತಿ ನಿಲ್ಲುತ್ತೆ. ಜಾಸ್ತಿ ಆದ್ರೆ ನೇರ ಹೋಗುವಾಗಲೂ ಮುಂದಿನ ಚಕ್ರ ಚಳಿ ಹಿಡಿದ ಹಾಗೆ ನಡುಗುತ್ತೆ. ನಾಲ್ಕನೇ ಸೆಮಿಸ್ಟರ್‌ನ ಕಂಟ್ರೋಲ್ ಸಿಸ್ಟಮ್ಸ್ ಓದ್ತಿರೋ ನಮ್ಮ ಕ್ಲಾಸಿನವರಿಗೆ ಇದು ಗುರುತಿನ ಮುಖ: ನೆಗೆಟಿವ್ ಫೀಡ್‌ಬ್ಯಾಕ್, ಅದರಲ್ಲಿ ತಡ, ಗೇನ್ ಮಿತಿ ಮೀರಿದಾಗ ಆಂದೋಲನ. ಬೋರ್ಡ್ ಮೇಲೆ ಗ್ರಾಫ್ ಆಗಿದ್ದದ್ದು ಇಲ್ಲಿ ಪಟಪಟ ಅಂತ ಕೇಳಿಸುತ್ತೆ.

ಈಗ ನೆಲದ ಮಾತು. ಗೇನ್ ಅನ್ನೋದು ಗೈರೋದಲ್ಲಿ ಮಾತ್ರ ಇಲ್ಲ, ಟೈರಿನಲ್ಲೂ ಇದೆ. ಚಕ್ರ ಹತ್ತು ಡಿಗ್ರಿ ತಿರುಗಿದ್ರೆ ಕಾರು ಎಷ್ಟು ತಿರುಗುತ್ತೆ ಅನ್ನೋದು ಹಿಡಿತದ ಮೇಲೆ ನಿಂತಿದೆ. ಹಿಡಿತ ಜಾಸ್ತಿ ಇರೋ ನೆಲದಲ್ಲಿ ಒಟ್ಟು ಲೂಪಿನ ಗೇನ್ ತಾನಾಗೇ ಏರುತ್ತೆ. ಅದಕ್ಕೇ ಗ್ರಾನೈಟ್ ಮೇಲೆ ಶಾಂತವಾಗಿದ್ದ ಗೈರೋ ಸೆಟ್ಟಿಂಗ್ ಸಿಮೆಂಟ್ ಮೇಲೆ ಇಟ್ಟ ತಕ್ಷಣ ನಡುಗುತ್ತೆ. ಗೈರೋ ಹಾಳಾಯ್ತು ಅಂತ ಬಿಚ್ಚೋಕೆ ಕೂರಬೇಡಿ, ಗೇನ್ ಇಳಿಸಿ. ವಿಧಾನ ಹೀಗೆ: ನಡುಕ ಶುರುವಾಗೋವರೆಗೂ ಗೇನ್ ಏರಿಸಿ, ಅಲ್ಲಿಂದ ಸ್ವಲ್ಪ ಹಿಂದೆ ಬನ್ನಿ. ಪ್ರತಿ ನೆಲಕ್ಕೂ ಈ ಜಾಗ ಬೇರೆ. ಸರ್ವೋ ನಿಧಾನ ಆದ್ರೆ ಲೂಪಿನಲ್ಲಿ ತಡ ಜಾಸ್ತಿ, ನಡುಕ ಇನ್ನೂ ಬೇಗ ಶುರು. 60 ಡಿಗ್ರಿಗೆ 0.08 ಸೆಕೆಂಡ್ ತಗೊಳ್ಳೋ ಸರ್ವೋಗೂ 0.2 ಸೆಕೆಂಡ್ ತಗೊಳ್ಳೋದಕ್ಕೂ ಭೂಮಿ ಆಕಾಶದ ಅಂತರ. ದುಡ್ಡು ಒಂದೇ ಕಡೆ ಹಾಕೋಕೆ ಸಾಧ್ಯ ಅಂದ್ರೆ ಸರ್ವೋಗೆ ಹಾಕಿ, ಮಿರಮಿರ ಅಲ್ಯೂಮಿನಿಯಂ ಭಾಗಗಳಿಗಲ್ಲ.

ಸ್ಟಿಯರಿಂಗ್ ಬಗ್ಗೆ ಚಿಕ್ಕ ಮಾತು. ಡ್ರಿಫ್ಟ್ ಕಾರಿನ ಮುಂದಿನ ಚಕ್ರ 60 ಡಿಗ್ರಿಗಿಂತಲೂ ಹೆಚ್ಚು ತಿರುಗುತ್ತೆ. ಮಾಮೂಲಿ ಕಾರಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಜಾಸ್ತಿ ತಿರುಗಬೇಕು, ಅದೇ ಆಕರ್‌ಮನ್ ಜೋಡಣೆ. (ಅದನ್ನು ಕಂಡುಹಿಡಿದದ್ದು 1817ರಲ್ಲಿ ಜರ್ಮನಿಯ ಗಾಡಿ ತಯಾರಕ ಲ್ಯಾಂಕೆನ್‌ಸ್ಪರ್ಗರ್. ಇಂಗ್ಲೆಂಡಿನಲ್ಲಿ 1818ರಲ್ಲಿ ಪೇಟೆಂಟ್ ಮಾಡಿಸಿದ್ದು ಆಕರ್‌ಮನ್. ಹೆಸರು ಉಳಿದದ್ದು ಅವರದ್ದೇ.) ನಮ್ಮ ಕಾರಿನಲ್ಲಿ ಪೂರ್ತಿ ತಿರುಗಿದಾಗ ಎರಡೂ ಚಕ್ರ ಹೆಚ್ಚುಕಡಿಮೆ ಸಮಾನಾಂತರ ಇರಲಿ. ಹಾಗಿಲ್ಲದಿದ್ರೆ ಹಿಡಿಯೋ ನೆಲದಲ್ಲಿ ಒಂದು ಚಕ್ರ ಇನ್ನೊಂದನ್ನು ಎಳೆದಾಡಿ ಕಾರು ಬ್ರೇಕ್ ಹಾಕಿದ ಹಾಗೆ ನಿಧಾನ ಆಗುತ್ತೆ. ಜಾರೋ ನೆಲದಲ್ಲಿ ಇದು ಅಷ್ಟು ಗೊತ್ತಾಗಲ್ಲ.

ಥ್ರಾಟಲ್

ಹಿಂದಿನ ಚಕ್ರ ನೆಲದ ಮೇಲೆ ಜಾರ್ತಾ ತಿರುಗುವಾಗ ಘರ್ಷಣೆಯ ಗಾತ್ರ ಒಂದೇ ಇರುತ್ತೆ, ದಿಕ್ಕು ಮಾತ್ರ ಬದಲಾಗುತ್ತೆ. ಚಕ್ರ ಜಾಸ್ತಿ ತಿರುಗಿದಷ್ಟೂ ಆ ಬಲ ಚಕ್ರ ನೋಡ್ತಿರೋ ಕಡೆಗೆ ವಾಲುತ್ತೆ, ಅಡ್ಡಕ್ಕೆ ತಡೆಯೋ ಪಾಲು ಕಡಿಮೆ ಆಗುತ್ತೆ. ಅಂದ್ರೆ ಥ್ರಾಟಲ್ ಒತ್ತಿದ್ರೆ ಹಿಂಭಾಗ ಹೊರಗೆ, ಬಿಟ್ಟರೆ ಒಳಗೆ. ಜಾರೋ ನೆಲದಲ್ಲಿ ಕೂದಲೆಳೆಯಷ್ಟು ಒತ್ತಿದ್ರೂ ಚಕ್ರ ಹುಚ್ಚು ಹಿಡಿದ ಹಾಗೆ ತಿರುಗುತ್ತೆ, ಅಡ್ಡ ಪಾಲು ಮಾಯ, ಕಾರು ಗಿರಕಿ. ಆದ್ದರಿಂದ ಗ್ರಾನೈಟ್ ಮೇಲೆ ಟ್ರಾನ್ಸ್‌ಮಿಟರಿನಲ್ಲಿ ಥ್ರಾಟಲ್ ಮಿತಿಯನ್ನು ಶೇಕಡ 60ರ ಸುತ್ತಮುತ್ತ ಇಟ್ಟು, ಇಎಸ್‌ಸಿಯ ಪಂಚ್ ಇಳಿಸಿ. ಬೆರಳಿಗೆ ಆಟ ಆಡೋಕೆ ಜಾಗ ಸಿಗುತ್ತೆ. ಟಾರ್ ಮೇಲೆ ಪೂರ್ತಿ ಬಿಡಿ, ಅಲ್ಲಿ ಚಕ್ರ ಜಾರಿಸೋದೇ ಕಷ್ಟ. ಮೋಟಾರಿಗೆ ಭಾರ ಜಾಸ್ತಿ ಬೀಳೋದರಿಂದ ಎರಡು ಮೂರು ನಿಮಿಷಕ್ಕೊಮ್ಮೆ ಮೋಟಾರ್ ಮುಟ್ಟಿ ನೋಡಿ. ಮೂರು ಸೆಕೆಂಡ್ ಬೆರಳಿಡೋಕಾಗದಷ್ಟು ಬಿಸಿ ಆದ್ರೆ ನಿಲ್ಲಿಸಿ, ಪಿನಿಯನ್ ಒಂದೆರಡು ಹಲ್ಲು ಚಿಕ್ಕದು ಹಾಕಿ.

ನಮ್ಮ ಕ್ಯಾಂಪಸ್ಸಿನ ನೆಲಗಳು

ಗ್ರಾನೈಟ್ ಬಗ್ಗೆ ಸಾಕಷ್ಟು ಹೇಳಿದ್ವಿ. ಅದರ ತೊಂದರೆ ನೆಲದ್ದಲ್ಲ, ಗಂಟೆಯದ್ದು. ಬೆಳಿಗ್ಗೆ ಅಕ್ಕಂದಿರು ಫಿನಾಯಿಲ್ ಹಾಕಿ ಒರೆಸಿ ಹೋದ ಮೇಲಿನ ನೆಲ, ಮಧ್ಯಾಹ್ನ ಐನೂರು ಜನ ಓಡಾಡಿದ ಮೇಲಿನ ನೆಲ, ಮಳೆಗಾಲದಲ್ಲಿ ತೇವ ಕೂತ ನೆಲ, ಮೂರೂ ಬೇರೆ. ಕೊಕ್ಕೆ ಅಳತೆ ಪ್ರತಿ ಸಲ ಮಾಡಿ ಅನ್ನೋದು ಇದಕ್ಕೇ.

ವಿಟ್ರಿಫೈಡ್ ಟೈಲ್ಸ್ ಗ್ರಾನೈಟಿನ ತಮ್ಮ, ಆದ್ರೆ ಜೋಡಣೆಯ ಗೆರೆಗಳಿವೆ. ಕ್ಯಾಂಬರ್ ಜಾಸ್ತಿ ಇದ್ರೆ ಟೈರಿನ ಒಳ ಅಂಚು ಗೆರೆಯಲ್ಲಿ ಸಿಕ್ಕಿ ಕಾರು ಜಿಗಿಯುತ್ತೆ. ಹಿಂದಿನ ಕ್ಯಾಂಬರ್ ಒಂದೆರಡು ಡಿಗ್ರಿಗೆ ಇಳಿಸಿ, ಟೈರಿನ ಅಂಚನ್ನು ಸ್ಯಾಂಡ್ ಪೇಪರಿನಲ್ಲಿ ದುಂಡಗೆ ಮಾಡಿ.

ಹಳೇ ಹಾಸ್ಟೆಲ್ ಬ್ಲಾಕಿನ ರೆಡ್ ಆಕ್ಸೈಡ್ ನೆಲ ನಮ್ಮ ಮೆಚ್ಚಿನದು. ಎಷ್ಟೋ ವರ್ಷ ಕಾಲು ತಾಗಿ ನುಣುಪಾಗಿದೆ, ಗೆರೆ ಇಲ್ಲ, ಎಲ್ಲಿ ಅಳೆದ್ರೂ ಹೆಚ್ಚುಕಡಿಮೆ ಒಂದೇ ಹಿಡಿತ. ಕಲಿಯೋರಿಗೆ ಇದಕ್ಕಿಂತ ಒಳ್ಳೆ ಮೇಷ್ಟ್ರು ಸಿಗಲ್ಲ. ವಾರ್ಡನ್ ಸರ್ ಊರಿಗೆ ಹೋದ ದಿನ ಮಾತ್ರ ಅಂತ ಬರೆಯೋಕೆ ಇಷ್ಟ ಇತ್ತು, ಆದ್ರೆ ಅವರೂ ಇದನ್ನು ಓದ್ತಾರೆ, ಹಾಗಾಗಿ ಅನುಮತಿ ಪತ್ರ ತಗೊಂಡೇ ಹೋಗಿ.

ಬಾಸ್ಕೆಟ್‌ಬಾಲ್ ಕೋರ್ಟಿನ ಸಿಮೆಂಟ್ ನೆಲದ ಗುಟ್ಟು ಬಿಳಿ ಗೆರೆಗಳಲ್ಲಿದೆ. ಪೇಂಟ್ ಬಳಿದ ಪಟ್ಟಿಯ ಹಿಡಿತ ಬೇರೆ, ಪಕ್ಕದ ಸಿಮೆಂಟಿನದು ಬೇರೆ. ಡ್ರಿಫ್ಟ್ ಮಧ್ಯೆ ಹಿಂದಿನ ಚಕ್ರ ಗೆರೆ ದಾಟಿದಾಗ ಕಾರು ಒಮ್ಮೆ ಜರ್ಕ್ ಹೊಡೆಯುತ್ತೆ. ಎರಡೂ ಕಡೆ ಅಳೆದು ವ್ಯತ್ಯಾಸ ಎಷ್ಟು ಅಂತ ತಿಳ್ಕೊಳ್ಳಿ, ಗೆರೆ ದಾಟುವಾಗ ಥ್ರಾಟಲ್ ಬದಲಾಯಿಸದೆ ಹಿಡೀರಿ. ಸೆಟಪ್‌ನಿಂದ ಇದನ್ನು ಪೂರ್ತಿ ಗೆಲ್ಲೋಕಾಗಲ್ಲ.

ಪಾರ್ಕಿಂಗಿನ ಟಾರ್ ನೆಲ ಎಲ್ಲಕ್ಕಿಂತ ಕ್ರೂರ. ಒಳಗಡೆ 5 ಮಿ.ಮೀ. ಎತ್ತರದಲ್ಲಿ ಓಡೋ ಚಾಸಿ ಇಲ್ಲಿ ನೆಲ ಕೆರೆಯುತ್ತೆ, 7-8 ಮಿ.ಮೀ.ಗೆ ಏರಿಸಿ. ಚಕ್ರ ಕೆಳಗೆ ಇಳಿಯೋ ಜಾಗ, ಅಂದ್ರೆ ಡ್ರೂಪ್, ಜಾಸ್ತಿ ಕೊಡಿ. ಇಲ್ಲದಿದ್ರೆ ಪ್ರತಿ ಉಬ್ಬಿನಲ್ಲಿ ಒಂದು ಚಕ್ರ ಗಾಳಿಯಲ್ಲಿರುತ್ತೆ, ಗಾಳಿಯಲ್ಲಿರೋ ಚಕ್ರಕ್ಕೆ ಮ್ಯೂ ಸೊನ್ನೆ. ಟೈರ್ ಅಂತೂ ಪೆನ್ಸಿಲ್ ಕೆತ್ತಿದ ಹಾಗೆ ಸವೆಯುತ್ತೆ. ಆ ಪ್ಲಾಸ್ಟಿಕ್ ಪುಡಿ, ಜಲ್ಲಿ ಪುಡಿ ಸೇರಿ ಬೇರಿಂಗ್ ಒಳಗೆ ಹೋಗುತ್ತೆ, ಸಂಜೆ ಬ್ರಷ್ ಹಾಕಿ ಕ್ಲೀನ್ ಮಾಡದೆ ಬೀರುವಿಗೆ ಇಡಬೇಡಿ. ಪೈಪ್ ಟೈರಿನ ನಿಜವಾದ ಬೆಲೆ ಗೊತ್ತಾಗೋದು ಇಲ್ಲೇ, ಸವೆದ್ರೆ ಇನ್ನೊಂದು ತುಂಡು ಕೊಯ್ದುಕೊಂಡ್ರೆ ಆಯ್ತು.

ಸೆಮಿನಾರ್ ಹಾಲಿನ ಕಾರ್ಪೆಟ್ ಬಗ್ಗೆ: ನಾರು ಟೈರಿನ ಅಂಚನ್ನು ಹಿಡ್ಕೊಳ್ಳುತ್ತೆ, ಅಂಚು ದುಂಡಗಿರಲೇಬೇಕು. ಓಡಿಸಿದ ಮೇಲೆ ಆಕ್ಸಲ್‌ಗೆ ಸುತ್ತಿಕೊಂಡ ನಾರು ಬಿಡಿಸಿ. ಅಷ್ಟೇ.

15 ನಿಮಿಷದ ಲೆಕ್ಕ

ಫೆಸ್ಟ್ ದಿನ ಹೀಗೆ ಮಾಡೋಣ ಅಂತಿದ್ದೀವಿ. ಪ್ರಾಕ್ಟೀಸ್ ಶುರುವಾಗೋ ಮೊದಲೇ, ನೆಲ ತೋರಿಸಿದ ಕೂಡಲೇ, ಕೈಯಿಂದ ಸವರಿ ಧೂಳು, ಗೆರೆ, ಉಬ್ಬು ನೋಡ್ಕೊಳ್ಳೋದು. ಮೊದಲ ಎರಡು ನಿಮಿಷ ಎರಡೂ ಟೈರಿನಲ್ಲಿ ಕೊಕ್ಕೆ ಅಳತೆ. ಇದಕ್ಕೆ ಕಾರು ಆನ್ ಮಾಡೋದೂ ಬೇಡ, ಒಬ್ಬರು ಎಳೆಯೋದು, ಒಬ್ಬರು ಬರೆಯೋದು. ನಮ್ಮ ನೋಟ್‌ಬುಕ್ಕಿನಲ್ಲಿ ಯಾವ ಕ್ಯಾಂಪಸ್ ನೆಲದ ಅಂಕಿಗೆ ಇದು ಹತ್ತಿರ ಇದೆಯೋ ಆ ನೆಲದ ಗೇನ್, ಥ್ರಾಟಲ್ ಮಿತಿ, ಎತ್ತರ ಅಲ್ಲಿಂದಲೇ ಎತ್ತಿ ಹಾಕೋದು. ಐದನೇ ನಿಮಿಷಕ್ಕೆ ಕಾರು ನೆಲದ ಮೇಲಿರಬೇಕು. ಮೊದಲು ನೇರ ಓಡಿಸಿ ಗೈರೋ ನಡುಗುತ್ತಾ ನೋಡೋದು, ಆಮೇಲೆ ಎರಡೂ ದಿಕ್ಕಿಗೆ ದೊಡ್ಡ ವೃತ್ತ. ವೃತ್ತದಲ್ಲಿ ಕಾರು ತಾನೇ ಒಳಗೆ ಸುತ್ತಿಕೊಂಡ್ರೆ ಹಿಂದೆ ಹಿಡಿತ ಸಾಲದು, ಹೊರಗೆ ತೇಲಿಕೊಂಡು ಹೋದ್ರೆ ಮುಂದೆ ಸಾಲದು. ಒಂದು ಸಲಕ್ಕೆ ಒಂದೇ ಬದಲಾವಣೆ, ಮೊದಲು ಬ್ಯಾಟರಿ ಜಾಗ, ಆಮೇಲೆ ಉಳಿದದ್ದು. ಹನ್ನೆರಡನೇ ನಿಮಿಷದ ನಂತರ ಸ್ಕ್ರೂಡ್ರೈವರ್ ಪೆಟ್ಟಿಗೆಗೆ. ಉಳಿದ ಮೂರು ನಿಮಿಷ ಓಡಿಸೋರು ಓಡಿಸಬೇಕು, ಯಾರೂ ಸಲಹೆ ಕೊಡಬಾರದು.

ಇದು ನಡೆಯಬೇಕಾದ್ರೆ ನೋಟ್‌ಬುಕ್ ತುಂಬಿರಬೇಕು. ಸದ್ಯ ಗ್ರಾನೈಟಿನ ಪುಟಗಳು ಮಾತ್ರ ತುಂಬಿವೆ. ಕೋರ್ಟ್ ಮತ್ತು ಪಾರ್ಕಿಂಗಿಗೆ ಎರಡು ಭಾನುವಾರ ಬೆಳಿಗ್ಗೆ 7ರಿಂದ 9ಕ್ಕೆ ಅನುಮತಿ ಕೇಳಿದ್ದೀವಿ. ಬರೋರು ಒಂದು ಮೀಟರ್ ದಾರ, ಒಣಬಟ್ಟೆ ತನ್ನಿ. ಮನೆ ತೋಟದಲ್ಲಿ 63 ಮಿ.ಮೀ. ಪೈಪಿನ ತುಂಡು ಬಿದ್ದಿದ್ರೆ ಅದನ್ನೂ ತನ್ನಿ. ಅಪ್ಪನನ್ನು ಕೇಳಿ ತನ್ನಿ. ಪ್ರತಿ ಪುಟದಲ್ಲಿ ತಾರೀಕು, ಗಂಟೆ, ನೆಲ, ಒರೆಸಿತ್ತಾ ಇಲ್ವಾ, ಟೈರ್, ಕೊಕ್ಕೆಯ ಮೂರು ಅಂಕಿ, ಗೇನ್, ಥ್ರಾಟಲ್ ಮಿತಿ, ಬ್ಯಾಟರಿ ಜಾಗ ಬರೆಯೋದು. ನೋಟ್‌ಬುಕ್ ಬೀರುವಿನ ಮೇಲಿನ ಅರೆಯಲ್ಲಿ, ಸ್ಕೇಲ್ ಪಕ್ಕದಲ್ಲೇ ಇದೆ.